ಬಂದಿಗಳ ದ್ವೀಪದಲ್ಲಿ ಪ್ರಾಣಿದಯೆ

ಇಟಲಿಯ ಪಶ್ಚಿಮ ಕರಾವಳಿಯಲ್ಲಿ ಲಿವೊರ್ನೊ ಎಂಬುದೊಂದು ಹಳೆಯ ಬಂದರು ಪಟ್ಟಣ. ವ್ಯಾಪಾರಕ್ಕೆ ಹೆಸರಾದ ಈ ಊರು ಇನ್ನೊಂದು ಕಾರಣಕ್ಕೂ ಸ್ಮರಣೀಯವಾಗಿದೆ. 1764ರಲ್ಲಿ ಚೇಸರೆ ಬೆಕಾರಿಯಾ ಎಂಬ ತರುಣನು ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತು ಬರೆದ ಚಿಕ್ಕ ಪುಸ್ತಕವು ಲೇಖಕನ ಹೆಸರಿಲ್ಲದೆ ಇಲ್ಲಿಯೇ ಅಚ್ಚಾಯಿತು. ಚಿತ್ರಹಿಂಸೆಯಾಗಲಿ ಮರಣದಂಡನೆಯಾಗಲಿ ರಾಜ್ಯಕ್ಕೆ ಶೋಭೆ ತರುವುದಿಲ್ಲ, ಪ್ರಯೋಜನವನ್ನೂ ತರುವುದಿಲ್ಲ ಎಂಬುದು ಅದರ ವಾದವಾಗಿತ್ತು. ಇಪ್ಪತ್ತೆರಡು ವರ್ಷಗಳ ತರುವಾಯ, 1786ರ ನವೆಂಬರ್ 30ರಂದು, ಲಿವೊರ್ನೊ ಸೇರಿದ್ದ ಟಸ್ಕನಿ ಸಂಸ್ಥಾನದ ಅರಸ ಪಿಯೆತ್ರೊ ಲಿಯೊಪೊಲ್ಡೊ ತನ್ನ ರಾಜ್ಯದಲ್ಲಿ ಮರಣದಂಡನೆಯನ್ನು ರದ್ದುಗೊಳಿಸಿದನು. ಕೆಲವೇ ವರ್ಷಗಳಲ್ಲಿ ಅದು ಕೆಲವು ಅಪರಾಧಗಳಿಗೆ ಮರಳಿ ಬಂದಿತೆಂಬುದೂ ನಿಜ. ಒಳ್ಳೆಯ ಶಾಸನವು ಒಂದೇ ಏಟಿಗೆ ನೆಲೆಯೂರುವುದು ಅಪರೂಪ.

ಆ ಬಂದರಿನಿಂದ ದೋಣಿಯಲ್ಲಿ ಸುಮಾರು 35 ಕಿಲೋಮೀಟರ್ ಸಾಗಿದರೆ ಗೊರ್ಗೋನಾ ದ್ವೀಪ ಕಾಣಿಸುತ್ತದೆ. ಟಸ್ಕನಿಯ ದ್ವೀಪಸಮೂಹದಲ್ಲಿ ಇದು ತೀರ ಉತ್ತರದ್ದು. ವಿಸ್ತಾರ 2.2 ಚದರ ಕಿಲೋಮೀಟರ್ ಮಾತ್ರ. ಎಕರೆಯ ಲೆಕ್ಕದಲ್ಲಿ ಐನೂರೈವತ್ತರ ಆಸುಪಾಸು. ಸಮುದ್ರದಿಂದ ನೇರವಾಗಿ ಮೇಲೆದ್ದ ಬೆಟ್ಟ, ಅದರ ತುದಿ 255 ಮೀಟರ್ ಎತ್ತರ; ಇಳಿಜಾರಿನಲ್ಲಿ ಕುರುಚಲು ಕಾಡು, ಪೈನ್ ಮರಗಳು, ಮೆಟ್ಟಿಲುಮೆಟ್ಟಿಲಾದ ಹೊಲಗಳು, ಪೀಸಾ ಮತ್ತು ಮೆದಿಚಿ ಮನೆತನದವರ ಕಾಲದ ಎರಡು ಕಾವಲು ಗೋಪುರಗಳು, ಬೆಸ್ತರ ಸಣ್ಣದೊಂದು ಹಳ್ಳಿ. ಉಳಿದುದೆಲ್ಲವೂ ಸರಕಾರದ ಬಂದೀಖಾನೆ.

ಬಂದೀಖಾನೆಯಾಗುವ ಎಷ್ಟೋ ಮೊದಲು ಇದು ತಪೋಭೂಮಿಯಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಕ್ರಿಸ್ತಶಕ ಐದನೆಯ ಶತಮಾನದ ಆದಿಯಲ್ಲಿ ರುತಿಲಿಯಸ್ ಎಂಬ ರೋಮನ್ ಅಧಿಕಾರಿ ತನ್ನ ಊರಿಗೆ ಹಡಗಿನಲ್ಲಿ ಹೋಗುತ್ತ ಈ ದ್ವೀಪವನ್ನು ದಾಟಿದನು. ಒಳ್ಳೆಯ ಮನೆತನದ, ಧನಕನಕಗಳಿದ್ದ, ಮದುವೆಯೂ ಆಗಿದ್ದ ಯುವಕನೊಬ್ಬ ಎಲ್ಲವನ್ನೂ ಬಿಟ್ಟು ಅಲ್ಲಿನ ಬಂಡೆಗಳ ನಡುವೆ ಏಕಾಂತದಲ್ಲಿ ಕುಳಿತಿದ್ದನ್ನು ನೆನೆದು ತನ್ನ ಕಾವ್ಯದಲ್ಲಿ ಹಳಿದನು. ಜೀವಂತವಾಗಿ ಹೂತುಹೋದವನೆಂದು ಆ ಅಧಿಕಾರಿಗೆ ತೋರಿತು. ಜಿನಮುನಿಗಳ ದೀಕ್ಷೆಯನ್ನು ಕಂಡು ಬೆಳೆದ ಕುಟುಂಬದವರಿಗೆ ಈ ಯುವಕನು ಅಪರಿಚಿತನೆನಿಸಲಾರನು. ಅವನ ಹಿಂದೆ ಅನೇಕ ಶತಮಾನಗಳ ಕಾಲ ಕ್ರೈಸ್ತ ಸನ್ಯಾಸಿಗಳು ಅಲ್ಲಿ ಮಠ ಕಟ್ಟಿಕೊಂಡಿದ್ದರು. ಸ್ವ‍ಇಚ್ಛೆಯಿಂದ ಬಂಧನವನ್ನು ಒಪ್ಪಿಕೊಂಡವರು ಇದ್ದ ಜಾಗಕ್ಕೆ, 1869ರಲ್ಲಿ, ನ್ಯಾಯಾಲಯವು ಬಂಧನಕ್ಕೆ ಒಪ್ಪಿಸಿದವರು ಬಂದರು. ಆ ವರ್ಷ ಗೊರ್ಗೋನಾ ಕೃಷಿ ಬಂದೀಖಾನೆಯಾಯಿತು. ಅಂತಹ ದ್ವೀಪಗಳು ಇಟಲಿಯಲ್ಲಿ ಇನ್ನೂ ಇದ್ದವು: ಪಿಯನೋಸಾ, ಕಪ್ರಾಯಿಯಾ, ಅಸಿನಾರಾ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅವೆಲ್ಲ ಒಂದೊಂದಾಗಿ ಮುಚ್ಚಿದವು. ಇಡೀ ದ್ವೀಪವೇ ಕೃಷಿ ಬಂದೀಖಾನೆಯಾಗಿ ಉಳಿದಿರುವುದು ಗೊರ್ಗೋನಾ ಒಂದೇ.

ಇಲ್ಲಿಗೆ ಬರುವವರು ಸಣ್ಣ ತಪ್ಪಿನವರಲ್ಲ. ಬಹಳಷ್ಟು ಜನ ದೀರ್ಘಾವಧಿಯ ಶಿಕ್ಷೆಗೆ ಗುರಿಯಾದವರು, ಕೊಲೆಗಡುಕರೂ ಅವರಲ್ಲಿದ್ದಾರೆ. ಮುಖ್ಯಭೂಮಿಯ ಸೆರೆಮನೆಗಳಲ್ಲಿ ಶಿಕ್ಷೆಯ ಬಹುಭಾಗವನ್ನು ಕಳೆದು, ನಡತೆಯನ್ನು ತೋರಿಸಿ, ತಾವೇ ಅರ್ಜಿ ಹಾಕಿಕೊಂಡು ಬರುತ್ತಾರೆ. ಅವರ ಸಂಖ್ಯೆ ಹೆಚ್ಚೆಂದರೆ ನೂರರ ಆಸುಪಾಸಿನಲ್ಲಿ ಇರುತ್ತದೆ. ರಾತ್ರಿ ಮಾತ್ರ ಬಾಗಿಲು ಹಾಕುತ್ತಾರೆ. ಬೆಳಗಾದರೆ ಒಬ್ಬ ಹಟ್ಟಿಗೆ, ಒಬ್ಬ ತರಕಾರಿ ತೋಟಕ್ಕೆ, ಇನ್ನೊಬ್ಬ ಆಲಿವ್ ಮರಗಳ ಕಡೆಗೆ, ಮತ್ತೊಬ್ಬ ರೊಟ್ಟಿಯ ಒಲೆಗೆ ಕಾವಲಿಲ್ಲದೆ ನಡೆದುಹೋಗುತ್ತಾನೆ. ಓಡಿಹೋಗಲು ಸಮುದ್ರವಿದೆಯಲ್ಲ ಎಂದು ಯಾರಾದರೂ ನಗಬಹುದು. ನಿಜ, ಸಮುದ್ರವೇ ಗೋಡೆ. ಆದರೆ ಕಲ್ಲಿನ ಗೋಡೆಯ ಒಳಗೆ ಮನುಷ್ಯನು ಏನು ಮಾಡುತ್ತಾನೆ ಎಂಬುದಕ್ಕೂ ನೀರಿನ ಗೋಡೆಯ ಒಳಗೆ ಏನು ಮಾಡುತ್ತಾನೆ ಎಂಬುದಕ್ಕೂ ಅಂತರವಿದೆ. 2013ರ ಜನವರಿ 8ರಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು ತೊರೆಜಾನಿ ಪ್ರಕರಣದಲ್ಲಿ ಇಟಲಿ ಸರಕಾರವನ್ನು ಖಂಡಿಸಿತು. ಕಾರಣವೆಂದರೆ, ಅಲ್ಲಿನ ಎರಡು ಸೆರೆಮನೆಗಳಲ್ಲಿ ತಲೆಗೆ ಮೂರು ಚದರ ಮೀಟರ್ ಜಾಗವೂ ಇರಲಿಲ್ಲ. ಮೂರು ಚದರ ಮೀಟರ್ ಎಂದರೆ ಒಂದು ಮಂಚ ಹಾಕಿ ಪಕ್ಕದಲ್ಲಿ ನಿಲ್ಲುವಷ್ಟು ಸ್ಥಳ. ಅದೇ ದೇಶ, ಅದೇ ಇಲಾಖೆ, ಅದೇ ಕಾನೂನು. ಭಾರತದವರು ಇದನ್ನು ಓದಿ ಸಮಾಧಾನ ಪಡುವಂತಿಲ್ಲ. 2022ರ ಕೊನೆಗೆ ಇಲ್ಲಿನ ಸೆರೆಮನೆಗಳಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಇನ್ನೂ ತೀರ್ಪಾಗದ ವಿಚಾರಣಾಧೀನರು.

1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದ 27ನೆಯ ವಿಧಿಯು, ಶಿಕ್ಷೆಯು ಮಾನವೀಯತೆಗೆ ವಿರುದ್ಧವಾಗಿರಬಾರದು ಮತ್ತು ಅಪರಾಧಿಯ ಮರುಶಿಕ್ಷಣದ ಕಡೆಗೆ ಮುಖ ಮಾಡಿರಬೇಕು ಎಂದು ವಿಧಿಸುತ್ತದೆ. 1975ರ ಸೆರೆಮನೆ ಕಾನೂನು ಅದಕ್ಕೆ ರೂಪ ಕೊಟ್ಟಿತು. ಬಂದಿಯ ದುಡಿಮೆಗೆ ಕೂಲಿ ಕೊಡಬೇಕು. ಆ ಕೂಲಿಯು ಹೊರಗಿನ ಕಾರ್ಮಿಕನಿಗೆ ಒಪ್ಪಂದದಂತೆ ಸಲ್ಲುವುದರ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆಯಾಗಬಾರದು. ಗೊರ್ಗೋನಾದ ಬಂದಿಯೊಬ್ಬ ತಿಂಗಳ ಕೊನೆಗೆ ಮನೆಗೆ ಹಣ ಕಳುಹಿಸಬಲ್ಲನು. ಮಗನ ಶಾಲೆಯ ಖರ್ಚಿಗೆ ತಂದೆಯ ಬೆವರಿನ ಹಣ ಬಂದಿತೆಂಬ ಒಂದು ಸಂಗತಿ ಆ ಮನೆಯಲ್ಲಿ ಏನನ್ನು ಉಳಿಸುತ್ತದೆ ಎಂಬುದನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ.

ದ್ವೀಪದ ಆಡಳಿತವನ್ನು ಬಹುಕಾಲ ನೋಡಿಕೊಂಡ ಕಾರ್ಲೊ ಮತ್ಸೆರ್ಬೊ ಎಂಬ ನಿರ್ದೇಶಕರು 2013ರಲ್ಲಿ, ಸಹಲೇಖಕರೊಬ್ಬರ ಜೊತೆ, ತಮ್ಮ ಅನುಭವಗಳನ್ನು ಪುಸ್ತಕ ಮಾಡಿದರು. ಅದರ ಹೆಸರಿನಲ್ಲಿ ಒಂದು ಶ್ಲೇಷೆಯಿದೆ. ‘ಪೇನಾ’ ಎಂಬ ಪದಕ್ಕೆ ಅವರ ಭಾಷೆಯಲ್ಲಿ ಶಿಕ್ಷೆ ಎಂದೂ ಅರ್ಥ, ಪಡುವ ಶ್ರಮ ಎಂದೂ ಅರ್ಥ. ಪಟ್ಟ ಪಾಡು ಸಾರ್ಥಕವೇ ಎಂಬ ಮಾತಿನಲ್ಲಿ ಅವೆರಡೂ ಸೇರಿಕೊಳ್ಳುತ್ತವೆ. ಕನ್ನಡದಲ್ಲಿ ‘ಶಿಕ್ಷೆ’ ಮತ್ತು ‘ಶಿಕ್ಷಣ’ ಒಂದೇ ಧಾತುವಿನಿಂದ ಬಂದಿರುವುದನ್ನು ಬಲ್ಲವರಿಗೆ ಈ ಶ್ಲೇಷೆ ಹೊಸದಲ್ಲ.

ಬಯಲು ಬಂದೀಖಾನೆ ಪರದೇಶದ ಕಲ್ಪನೆಯೆಂದೂ ಯಾರೂ ತಿಳಿಯಬೇಕಾಗಿಲ್ಲ. ಇಂದು ಸಾಂಗಲಿ ಜಿಲ್ಲೆಗೆ ಸೇರಿರುವ, ಆಗ ಔಂಧ್ ಸಂಸ್ಥಾನದಲ್ಲಿದ್ದ ಆಟಪಾಡಿಯಲ್ಲಿ 1930ರ ದಶಕದ ಕೊನೆಗೆ ಸ್ವತಂತ್ರಪುರ ಎಂಬ ವಸಾಹತು ಹುಟ್ಟಿತು. ಶಿಕ್ಷೆಗೊಳಗಾದವರು ಹೆಂಡತಿ ಮಕ್ಕಳೊಡನೆ ಅಲ್ಲಿದ್ದುಕೊಂಡು ಹೊಲ ಉಳುತ್ತಾರೆ. ಔಂಧದ ಅರಸರು ಆ ವರ್ಷಗಳಲ್ಲಿ ನಡೆಸಿದ ಸುಧಾರಣೆಗಳ ಹಿಂದೆ ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಇಂಜಿನಿಯರರ ಕೈ ಇತ್ತು. ಅವರು ಭಾರತಕ್ಕೆ ಬಂದದ್ದು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಗೆ. ಸ್ವತಂತ್ರಪುರದಿಂದ ಪ್ರೇರಣೆ ಪಡೆದು ವಿ. ಶಾಂತಾರಾಮರು 1957ರಲ್ಲಿ ‘ದೋ ಆಂಖೇ ಬಾರಹ್ ಹಾಥ್’ ಚಲನಚಿತ್ರವನ್ನು ತೆಗೆದರು. ಆರು ಜನ ಕೊಲೆಗಾರರು ತರಕಾರಿ ಬೆಳೆದು ನ್ಯಾಯವಾದ ಬೆಲೆಗೆ ಮಾರುವುದನ್ನು ಸಹಿಸದೆ ಅವರನ್ನು ಹೊಡೆಸುವವನು ಆ ಕಥೆಯಲ್ಲಿ ಯಾರು? ಮಾರುಕಟ್ಟೆಯ ಸಾಹುಕಾರ. ವ್ಯಾಪಾರಿ ಸಮಾಜದವರು ಆ ಚಿತ್ರದ ಹಾಡನ್ನಷ್ಟೇ ನೆನಪಿಟ್ಟುಕೊಂಡು ಈ ಭಾಗವನ್ನು ಮರೆತಿರುವುದು ಸ್ವಾಭಾವಿಕ.

ಇಷ್ಟಾದರೂ ಒಂದು ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಕೊಲೆ ಮಾಡಿದವನು ಸಮುದ್ರದ ಗಾಳಿಯಲ್ಲಿ ಆಲಿವ್ ಬೆಳೆಯುತ್ತಿದ್ದಾನೆ. ಕೊಲೆಯಾದವನ ಮನೆಯಲ್ಲಿ ಯಾರು ಏನು ಬೆಳೆಯುತ್ತಿದ್ದಾರೆ? ಬಯಲು ಬಂದೀಖಾನೆಯ ಪರವಾಗಿ ಬರೆಯುವವರು ಈ ಮಾತನ್ನು ಬೇಗನೆ ದಾಟಿಬಿಡುತ್ತಾರೆ. ಭಾರತದ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ, ಗುಜರಾತ್ ಸರಕಾರದ ಪ್ರಕರಣದಲ್ಲಿ, ಬಂದಿಗಳಿಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಹೇಳಿದಾಗ ಇದನ್ನು ದಾಟಲಿಲ್ಲ. ಆ ಕೂಲಿಯಲ್ಲಿ ಒಂದು ಪಾಲನ್ನು ನೊಂದವರ ಪರಿಹಾರಕ್ಕೆ ತೆಗೆದಿಡುವ ಶಾಸನವನ್ನು ಸರಕಾರಗಳು ರಚಿಸಬೇಕೆಂದಿತು. ಮೂರು ಚದರ ಮೀಟರಿನಲ್ಲಿ ಮಲಗಿರುವವನಿಂದ ವಿಧವೆಗೆ ಒಂದು ಕಾಸೂ ಹೋಗಲಾರದು. ದುಡಿಯುವವನಿಂದ ಹೋಗಬಹುದು. ಇದು ದಯೆಯ ಮಾತಲ್ಲ, ಲೆಕ್ಕದ ಮಾತು.

ಲೆಕ್ಕದ ವಿಷಯ ಬಂದುದರಿಂದ ಇನ್ನೊಂದನ್ನೂ ಹೇಳಬಹುದು. ಗೊರ್ಗೋನಾದಿಂದ ಬಿಡುಗಡೆಯಾದವರು ಮರಳಿ ಅಪರಾಧಕ್ಕೆ ಇಳಿಯುವುದು ತೀರ ಕಡಿಮೆಯೆಂದು ಬಹಳ ದೊಡ್ಡ ಅಂತರದ ಅಂಕಿಗಳನ್ನು ಪತ್ರಿಕೆಗಳು ಕೊಡುವುದುಂಟು. ಜಮಾಖರ್ಚು ಬಲ್ಲವರು ಅಂತಹ ಅಂಕಿಯನ್ನು ನಿಧಾನವಾಗಿ ನೋಡಬೇಕು. ಒಳ್ಳೆಯ ನಡತೆಯವರನ್ನೇ ಆರಿಸಿ ಕಳುಹಿಸಿದ ಮೇಲೆ ಫಲಿತಾಂಶ ಚೆನ್ನಾಗಿರುವುದರಲ್ಲಿ ದ್ವೀಪದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು? ಉತ್ತಮ ಗಿರಾಕಿಗಷ್ಟೇ ಸಾಲ ಕೊಟ್ಟ ಅಂಗಡಿಯವನು ತನ್ನ ವಸೂಲಿಯ ಜಾಣ್ಮೆಯನ್ನು ಹೊಗಳಿಕೊಂಡಂತಾಗಬಾರದು. ಗೊರ್ಗೋನಾದ ಹಿರಿಮೆ ಆ ಅಂಕಿಯಲ್ಲಿಲ್ಲ. ಅದು ಬೇರೊಂದು ಕಡೆ, ದ್ವೀಪದ ಹಟ್ಟಿಯಲ್ಲಿ ಮತ್ತು ಹಟ್ಟಿಯಾಚೆಯ ಕಸಾಯಿಖಾನೆಯಲ್ಲಿ ಇದೆ.

ಕೃಷಿ ವಸಾಹತು ಎಂದ ಮೇಲೆ ಅಲ್ಲಿ ಪ್ರಾಣಿಗಳಿದ್ದವು. ಹಸು, ಕುರಿ, ಮೇಕೆ, ಹಂದಿ, ಕೋಳಿ ಎಲ್ಲವನ್ನೂ ಬಂದಿಗಳೇ ಸಾಕುತ್ತಿದ್ದರು. ಯಾರೊಡನೆಯೂ ಮಾತನಾಡದವನು ಹಸುವಿನೊಡನೆ ಮಾತನಾಡಿದನು. ನಡುರಾತ್ರಿ ಕರು ಹಾಕುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಕಾಯುವ ಕೆಲಸವು, ಬದುಕಿನಲ್ಲಿ ಒಮ್ಮೆಯೂ ಯಾರಿಗಾಗಿಯೂ ಕಾಯದವನಿಗೆ ಸಿಕ್ಕಿತು. ಪ್ರಾಣಿಗೆ ಬಂದಿಯ ಹಿಂದಿನ ಕಥೆ ತಿಳಿಯದು. ತೀರ್ಪಿನ ಪ್ರತಿಯನ್ನು ಅದು ಓದಿಲ್ಲ. ಹೊತ್ತಿಗೆ ಸರಿಯಾಗಿ ಹುಲ್ಲು ಹಾಕುವವನೇ ಅದಕ್ಕೆ ಒಳ್ಳೆಯವನು. ಹಾಗೆ ಒಳ್ಳೆಯವನೆನಿಸಿಕೊಳ್ಳುವ ಅವಕಾಶವನ್ನು ಯಾವ ಉಪನ್ಯಾಸವೂ ಕೊಡಲಾರದು. ಬಂದಿಯ ಪರಿವರ್ತನೆಗೆ ಪಶುಪಾಲನೆ ಸಹಕಾರಿಯೆಂದು ಇಲಾಖೆಯವರು ಹೇಳುತ್ತ ಬಂದದ್ದು ಸುಳ್ಳಲ್ಲ.

ಆದರೆ ಅದೇ ಕರುವಿಗೆ ಒಂದು ದಿನ ಬರುತ್ತಿತ್ತು. ಆ ದಿನ ಅದನ್ನು ಸಾಕಿದವನ ಕೈಯಿಂದ ಬಿಡಿಸಿ ದ್ವೀಪದ ಕಸಾಯಿಖಾನೆಗೆ ಒಯ್ಯುತ್ತಿದ್ದರು. ಅಲ್ಲಿ ಕತ್ತಿ ಹಿಡಿಯುವವನೂ ಬಂದಿಯೇ. ಜೀವ ತೆಗೆದುದಕ್ಕಾಗಿ ಶಿಕ್ಷೆಗೊಳಗಾದವರು ಇರುವ ಜಾಗದಲ್ಲಿ, ಅವರನ್ನು ತಿದ್ದುವ ಹೆಸರಿನಲ್ಲಿ, ಜೀವ ತೆಗೆಯುವ ಕಸುಬನ್ನು ಕಲಿಸಲಾಗುತ್ತಿತ್ತು. ಒಂದೇ ಹಟ್ಟಿಯಲ್ಲಿ ಎರಡು ಪಾಠಗಳು. ಬೆಳಗಿನ ಪಾಠವನ್ನು ಸಂಜೆಯ ಪಾಠ ಅಳಿಸುತ್ತಿತ್ತು.

ಇದನ್ನು ಗಮನಿಸಿದವರು ಮಾರ್ಕೊ ವೆರ್ದೋನೆ ಎಂಬ ಪಶುವೈದ್ಯರು. ಸುಮಾರು 25 ವರ್ಷ ಅವರು ಆ ದ್ವೀಪದ ಪ್ರಾಣಿಗಳನ್ನು ನೋಡಿಕೊಂಡರು. ಹೋಮಿಯೋಪಥಿಯಿಂದ ಚಿಕಿತ್ಸೆ ಮಾಡುತ್ತಿದ್ದರು. ಪಶುವೈದ್ಯನು ಪ್ರಾಣಿಯನ್ನು ಗುಣಪಡಿಸುವುದು ಅದು ಆರೋಗ್ಯವಾಗಿ ಕಸಾಯಿಖಾನೆ ಸೇರಲೆಂದೇ ಎಂಬ ಪ್ರಶ್ನೆ ಅವರನ್ನು ಕಾಡಿತು. 2012ರಲ್ಲಿ ಅವರು ಗೊರ್ಗೋನಾದ ಪ್ರಾಣಿಗಳ ಹಕ್ಕುಗಳ ಸನ್ನದನ್ನೇ ಪುಸ್ತಕವಾಗಿ ಪ್ರಕಟಿಸಿದರು. ಪ್ರಾಣಿಗಳು ಅಲ್ಲಿ ಮಾಂಸದ ದಾಸ್ತಾನಲ್ಲ, ಬಂದಿಗಳ ಪುನರ್ವಸತಿಯಲ್ಲಿ ಸಹೋದ್ಯೋಗಿಗಳು. ಆ ಸೇವೆ ಸಲ್ಲಿಸಿದವರನ್ನು ಕೊಲ್ಲುವುದು ಸಲ್ಲದು ಎಂಬುದು ಅವರ ನಿಲುವಿನ ಸಾರ. ಮೊದಲು ಹೆಸರು ಹಿಡಿದು ಒಂದೆರಡು ಪ್ರಾಣಿಗಳಿಗೆ ಕ್ಷಮಾದಾನ ದೊರೆಯಿತು. ಅದು ನಿರ್ದೇಶಕರ ಅಪ್ಪಣೆಯಿಂದ ಬಂದಿತು. ಇದನ್ನು ಓದಿ ಮುಗುಳ್ನಗುವವರಿರಬಹುದು. ಹಂದಿಯ ಹೆಸರಿನಲ್ಲಿ ಸರಕಾರಿ ಆದೇಶವೇ? ಆದರೆ ಕೊಟ್ಟಿಗೆಯಲ್ಲಿ ನಿಂತು ಆ ಸುದ್ದಿ ಕೇಳಿದ ಬಂದಿ ನಕ್ಕಿರಲಾರನು. ಕ್ಷಮಾದಾನ ಎಂಬ ಪದದ ತೂಕ ಅವನಿಗೆ ಗೊತ್ತಿತ್ತು.

ವಿರೋಧದ ಮಾತುಗಳೂ ಇದ್ದವು, ಅವು ತಳ್ಳಿಹಾಕುವಂತಹವಲ್ಲ. ಮಾಂಸ ಕತ್ತರಿಸುವವನಿಗೆ ಹೊರಗಿನ ಪಟ್ಟಣದಲ್ಲಿ ಕೆಲಸ ಸಿಗುತ್ತದೆ. ಬಿಡುಗಡೆಯಾದವನಿಗೆ ಬೇಕಾದುದು ಕೆಲಸ. ಪ್ರಾಣಿಗಳನ್ನು ಸಾಕಿ ಮಾರದೆ ಇದ್ದರೆ ಹಟ್ಟಿಯ ಖರ್ಚು ಎಲ್ಲಿಂದ? ಎಲ್ಲಕ್ಕಿಂತ ಕಠಿನವಾದುದು ಗಂಡು ಕರುಗಳ ಪ್ರಶ್ನೆ. ಹಾಲು ಬೇಕಾದರೆ ಹಸು ಪ್ರತಿ ಬಾರಿಯೂ ಕರು ಹಾಕಬೇಕು. ಅವುಗಳಲ್ಲಿ ಅರ್ಧದಷ್ಟು ಗಂಡು. ಐನೂರೈವತ್ತು ಎಕರೆಯ ಬಂಡೆಯ ಮೇಲೆ ಅವು ಎಷ್ಟು ವರ್ಷ, ಯಾವ ಮೇವು ತಿಂದು ಬದುಕಬೇಕು? ಗೋಶಾಲೆಗಳನ್ನು ನಡೆಸುವ ಟ್ರಸ್ಟಿಗಳು ಈ ಪ್ರಶ್ನೆಯನ್ನು ಪ್ರತಿವರ್ಷ ಬೇಸಗೆಯಲ್ಲಿ ಎದುರಿಸುತ್ತಾರೆ. ಪ್ರತಿದಿನ ಹಾಲು ತರಿಸಿಕೊಳ್ಳುವ ಮನೆಗಳು ಎದುರಿಸುವುದಿಲ್ಲ.

ಶ್ರಾವಕಾಚಾರದ ದೃಷ್ಟಿಯಿಂದ ನೋಡಿದರೆ ಗೊರ್ಗೋನಾದ ತೊಡಕು ಸ್ಪಷ್ಟವಾಗುತ್ತದೆ. ಹಿಂಸೆಯಲ್ಲಿ ನಾಲ್ಕು ಬಗೆಯೆಂದು ವಿದ್ವಾಂಸರು ವಿಂಗಡಿಸುತ್ತಾರೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಅಡುಗೆಯಲ್ಲಿ, ಉಳುಮೆಯಲ್ಲಿ, ಕಟ್ಟಡದಲ್ಲಿ, ವ್ಯಾಪಾರದಲ್ಲಿ ಗೃಹಸ್ಥನಿಗೆ ತಪ್ಪಿಸಲಾಗದ ಹಿಂಸೆ ಒಂದು. ಕೊಲ್ಲುವೆನೆಂದು ನಿಶ್ಚಯಿಸಿ ಕೊಲ್ಲುವುದು ಇನ್ನೊಂದು. ಮೊದಲನೆಯದರಲ್ಲಿ ಎಚ್ಚರ ಬೇಕು, ಎರಡನೆಯದು ಶ್ರಾವಕನಿಗೆ ಇಲ್ಲವೇ ಇಲ್ಲ. ಕಸಾಯಿಖಾನೆಯ ಕೆಲಸವನ್ನು ‘ಉದ್ಯೋಗ’ ಎಂದು ಕರೆದ ಮಾತ್ರಕ್ಕೆ ಅದು ಉದ್ಯೋಗೀ ಹಿಂಸೆಯಾಗುವುದಿಲ್ಲ. ಬಂದಿಯು ಒಮ್ಮೆ ಸಂಕಲ್ಪಪೂರ್ವಕವಾಗಿ ಮಾಡಿದುದಕ್ಕೆ ಜೈಲು ಸೇರಿದನು. ಈಗ ದಿನಗೂಲಿಗಾಗಿ ಸಂಕಲ್ಪವಿಲ್ಲದವನಂತೆ ಅದನ್ನೇ ಮಾಡಲು ಕಲಿಯುತ್ತಾನೆ. ಎರಡರಲ್ಲಿ ಯಾವುದು ಮನಸ್ಸನ್ನು ಹೆಚ್ಚು ಮರಗಟ್ಟಿಸುತ್ತದೆ ಎಂಬುದು ಚಿಂತಿಸತಕ್ಕ ವಿಷಯ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತಕ್ಕೆ ನಿದರ್ಶನವಾಗಿ ಹೆಸರಿಸಿರುವುದು ಅರಸನನ್ನಲ್ಲ, ಶ್ರೇಷ್ಠಿಯನ್ನಲ್ಲ, ಒಬ್ಬ ಮಾತಂಗನನ್ನು. ವ್ಯಾಖ್ಯಾನಕಾರರು ಅವನನ್ನು ಯಮಪಾಲನೆಂದು ಗುರುತಿಸುತ್ತಾರೆ. ಊರು, ಅರಸರ ಹೆಸರು ಗ್ರಂಥದಿಂದ ಗ್ರಂಥಕ್ಕೆ ಬೇರೆಯಾದರೂ ಕಥೆಯ ತಿರುಳು ಒಂದೇ. ನಂದೀಶ್ವರ ಪರ್ವದ ಎಂಟು ದಿನ ರಾಜ್ಯದಲ್ಲಿ ಪ್ರಾಣಿವಧೆ ಕೂಡದೆಂದು ಡಂಗುರವಾಗಿತ್ತು. ದೊಡ್ಡ ಮನೆಯ ಯುವಕನೊಬ್ಬ ಗುಟ್ಟಾಗಿ ಅರಸನ ಟಗರನ್ನು ಕೊಂದು ತಿಂದನು. ಅವನಿಗೆ ಮರಣದಂಡನೆಯಾಯಿತು. ದಂಡನೆಯನ್ನು ಜಾರಿಗೊಳಿಸಬೇಕಾದವನು ಯಮಪಾಲ. ಕೊಲ್ಲುವುದೇ ಅವನ ವೃತ್ತಿ. ಆದರೆ ಆ ದಿನ ಚತುರ್ದಶಿ. ಹಿಂದೊಮ್ಮೆ ಮುನಿಗಳ ಸಾನ್ನಿಧ್ಯದಲ್ಲಿ ಜೀವ ಉಳಿದಾಗ, ಚತುರ್ದಶಿಯಂದು ಯಾವ ಜೀವವನ್ನೂ ಕೊಲ್ಲುವುದಿಲ್ಲವೆಂದು ಅವನು ವ್ರತ ತೊಟ್ಟಿದ್ದನು. ಮನೆಯಲ್ಲಿ ಅಡಗಿಕೊಂಡರೂ ರಾಜಭಟರ ಕೈಗೆ ಸಿಕ್ಕಿದನು. ಅರಸನೆದುರು ನಿಂತು, ಇಂದು ಕೊಲ್ಲಲಾರೆನೆಂದನು. ಅಪರಾಧಿಯೊಡನೆ ಅವನನ್ನೂ ಮೊಸಳೆಗಳಿದ್ದ ಕೊಳಕ್ಕೆ ಎಸೆದರು. ವ್ರತದ ಪ್ರಭಾವದಿಂದ ದೇವತೆಗಳು ಅವನನ್ನು ಕಾಪಾಡಿ ಪೂಜಿಸಿದರೆಂದು ಕಥೆ ಮುಗಿಯುತ್ತದೆ.

ಈ ಕಥೆಯನ್ನು ಪ್ರವಚನಗಳಲ್ಲಿ ಕೇಳಿದವರು ದೇವತೆಗಳ ಭಾಗವನ್ನೇ ಹೆಚ್ಚಾಗಿ ನೆನಪಿಡುತ್ತಾರೆ. ಅದಕ್ಕಿಂತ ಮುಂಚಿನ ಭಾಗದಲ್ಲಿ ಒಂದು ಸೂಕ್ಷ್ಮವಿದೆ. ಮುನಿಗಳು ಯಮಪಾಲನಿಗೆ ವೃತ್ತಿ ಬಿಡೆಂದು ಹೇಳಲಿಲ್ಲ. ಪಕ್ಷಕ್ಕೊಮ್ಮೆ ಕತ್ತಿ ಕೆಳಗಿಡು ಎಂಬಷ್ಟಕ್ಕೆ ಒಪ್ಪಿದರು. ಎಷ್ಟು ಹೊರಬಲ್ಲನೋ ಅಷ್ಟೇ ಹೊರೆ. ಗೊರ್ಗೋನಾದಲ್ಲಿಯೂ ಒಂದು ಹಸುವಿನ, ಒಂದು ಹಂದಿಯ ಕ್ಷಮಾದಾನದಿಂದ ಆರಂಭವಾದುದು ಹಾಗೆಯೇ. ವೆರ್ದೋನೆಯವರ ಸೇವೆ ಮುಗಿಯಿತು, ನಿರ್ದೇಶಕರು ಬದಲಾದರು, ವಿಚಾರವು ಮುಂದೆ ಹೋಗಿ ಹಿಂದೆ ಬಂದಿತು. ಕಡೆಗೆ 2020ರಲ್ಲಿ, ಮತ್ಸೆರ್ಬೊ ಅವರೇ ಮತ್ತೆ ನಿರ್ದೇಶಕರಾಗಿದ್ದಾಗ, ಬಂದೀಖಾನೆಯು ‘ಲಾವ್’ ಎಂಬ ಪ್ರಾಣಿಸಂರಕ್ಷಣಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಕಸಾಯಿಖಾನೆಯನ್ನು ಮುಚ್ಚಿತು. ಆರುನೂರಕ್ಕೆ ತುಸು ಕಡಿಮೆ ಪ್ರಾಣಿಗಳು ಕತ್ತಿಯಿಂದ ಪಾರಾದವು. ಬಹುಭಾಗವನ್ನು ಹಂತಹಂತವಾಗಿ ದೋಣಿಯಲ್ಲಿ ಮುಖ್ಯಭೂಮಿಯ ಆಶ್ರಯಗಳಿಗೆ ಸಾಗಿಸಲು, ನೂರಕ್ಕೆ ಸ್ವಲ್ಪ ಹೆಚ್ಚು ಪ್ರಾಣಿಗಳನ್ನು ಬಂದಿಗಳ ಆರೈಕೆಯಲ್ಲಿ ದ್ವೀಪದಲ್ಲಿಯೇ ಉಳಿಸಲು ನಿರ್ಧಾರವಾಯಿತು.

ಇಲ್ಲಿ ಜಯಕಾರ ಹಾಕಿ ನಿಲ್ಲಿಸುವುದು ಸುಲಭ. ಆದರೆ ಆರುನೂರು ಪ್ರಾಣಿಗಳಿದ್ದ ಕಡೆ ನೂರಿಪ್ಪತ್ತು ನೂರಮೂವತ್ತು ಉಳಿದರೆ, ಹಟ್ಟಿಯ ಕೆಲಸವೂ ಅಷ್ಟೇ ಇಳಿಯುತ್ತದೆ. ಕರುವಿಗಾಗಿ ರಾತ್ರಿ ಕಾಯುವ ಆ ಅಪೂರ್ವ ಕೆಲಸವು ಎಲ್ಲರಿಗೂ ಸಿಗಲಾರದು. ಪ್ರಾಣಿಗಳಿಗೆ ದೊರೆತ ಬಿಡುಗಡೆಯ ಬೆಲೆಯಲ್ಲಿ ಒಂದಂಶವನ್ನು ಬಂದಿಗಳೇ ತೆತ್ತರು ಎನ್ನಬೇಕಾಗುತ್ತದೆ. ಸಾಕಿ, ಕೊಲ್ಲದೆ, ಸಂಖ್ಯೆಯನ್ನೂ ಬೆಳೆಯಗೊಡದೆ, ಕೆಲಸವನ್ನೂ ಉಳಿಸಿಕೊಳ್ಳುವ ಉಪಾಯ ಸುಲಭದ್ದಲ್ಲ. ಶತಮಾನಗಳಿಂದ ಪಾಂಜರಪೋಳಗಳನ್ನು ನಡೆಸಿಕೊಂಡು ಬಂದ ಸಮಾಜದಲ್ಲಿ ಇದರ ಅನುಭವ ಬೇಕಾದಷ್ಟಿದೆ. ಆ ಅನುಭವವು ಯಾವ ಬಂದೀಖಾನೆಯ ಬಾಗಿಲನ್ನಾದರೂ ತಟ್ಟಿದೆಯೇ ಎಂದು ಟ್ರಸ್ಟುಗಳು ತಮ್ಮ ದಫ್ತರಗಳನ್ನು ತೆರೆದು ನೋಡಬಹುದು.

ದ್ವೀಪದ ಇನ್ನೊಂದು ಉದ್ಯಮದ ವಿಷಯವನ್ನು ಮರೆಮಾಚುವುದು ಸರಿಯಲ್ಲ. 2012ರಿಂದ ಫ್ಲಾರೆನ್ಸಿನ ಫ್ರೆಸ್ಕೊಬಾಲ್ದಿ ಮನೆತನದವರು ಗೊರ್ಗೋನಾದ ಸಣ್ಣ ದ್ರಾಕ್ಷಿತೋಟವನ್ನು ಬಂದಿಗಳ ಕೈಯಿಂದ ಮಾಡಿಸಿ ಮದ್ಯವನ್ನು ತಯಾರಿಸುತ್ತಿದ್ದಾರೆ. ಈ ಮನೆತನದ ಪೂರ್ವಜರು ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ದೊರೆಗಳಿಗೆ ಸಾಲ ಕೊಡುತ್ತಿದ್ದ ಸಾಹುಕಾರರು. ದೊರೆಗಳ ಸಾಲ ಅವರಿಗೆ ಒಳಿತು ಮಾಡಲಿಲ್ಲ, ದ್ರಾಕ್ಷಿ ಮಾಡಿತು. ಮದ್ಯ, ಮಾಂಸ, ಮಧು ಮೂರನ್ನೂ ಬಿಡುವುದು ಶ್ರಾವಕನ ಮೂಲಗುಣಗಳಲ್ಲಿ ಸೇರಿರುವುದರಿಂದ ಆ ಸೀಸೆಯನ್ನು ಹೊಗಳುವ ಪ್ರಶ್ನೆಯೇ ಏಳುವುದಿಲ್ಲ. ಮಾಂಸವನ್ನು ಬಿಟ್ಟ ದ್ವೀಪವು ಮದ್ಯವನ್ನು ಬಿಟ್ಟಿಲ್ಲ. ಕುಡಿತದಿಂದಲೇ ಜೈಲು ಸೇರಿದವರು ಎಷ್ಟು ಮಂದಿ ಅದೇ ತೋಟದಲ್ಲಿ ಗುದ್ದಲಿ ಹಿಡಿದಿದ್ದಾರೋ ಎಂಬ ಯೋಚನೆಯೂ ಬರುತ್ತದೆ.

ಆದರೂ ಬಿಡುಗಡೆಯ ದಿನ ಏನಾಗುತ್ತದೆ ಎಂಬುದನ್ನು ನೋಡಬೇಕು. ದೋಣಿ ಲಿವೊರ್ನೊ ಮುಟ್ಟುತ್ತದೆ. ಚೀಲವೊಂದನ್ನು ಹಿಡಿದು ಇಳಿದವನಿಗೆ ಹಸು ಕರೆಯಲು ಬರುತ್ತದೆ,  ಗಿಣ್ಣು ಮಾಡಲು ಬರುತ್ತದೆ, ಮರ ಸವರಲು ಬರುತ್ತದೆ. ಕೆಲಸದ ಅರ್ಜಿಯಲ್ಲಿ ಹಿಂದಿನ ಹತ್ತು ಹದಿನೈದು ವರ್ಷ ಎಲ್ಲಿದ್ದೆ ಎಂಬ ಕಡೆ ಏನು ಬರೆಯಬೇಕೆಂದು ಮಾತ್ರ ಬರುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿರುವ ಕರ್ನಾಟಕದ ಬಯಲು ಬಂದೀಖಾನೆಯಿಂದ ಹೊರಬಂದವನ ಕೈಯಲ್ಲಿಯೂ ಅದೇ ಅರ್ಜಿ ಇರುತ್ತದೆ. ಗೋಶಾಲೆಗೆ ಆಳು ಸಿಗುವುದಿಲ್ಲವೆಂದು ಪ್ರತಿ ವಾರ್ಷಿಕ ಸಭೆಯಲ್ಲಿಯೂ ದೂರು ಕೇಳಿಬರುತ್ತದೆ. ಆ ಅರ್ಜಿಯನ್ನು ಯಾವ ಸಭೆಯಲ್ಲಿಯೂ ಓದಿದಂತೆ ಕೇಳಿಬಂದಿಲ್ಲ. ಗೊರ್ಗೋನಾದಿಂದ ಬಿಡುಗಡೆಯಾದ ಕೆಲವರಿಗೆ ಮುಖ್ಯಭೂಮಿಯಲ್ಲಿ ಕೆಲಸ ಕೊಟ್ಟವರು ಆ ದ್ರಾಕ್ಷಿಯ ವ್ಯಾಪಾರಿಗಳು.